ಎಂಟು ಪುಟ ಹಿಂದಕ್ಕೆ

‘ದೇಶ ಓದು, ಕೋಶ ಸುತ್ತು’ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೇಳಿದ್ದು ತಿರುಗಾಮುರುಗಾ ಇರಬಹುದು. ಆದರೆ ನಮ್ಮ ಭಾವ ಒಂದು ವಾರ ಪೂರ್ತಿ ಒಂದೇ ಪುಸ್ತಕದೊಳಗೆ ಗಾಣದ ಎತ್ತಿನ ಹಾಗೆ ಸುತ್ತಿದ್ದನ್ನು ನೋಡಿದ ಮೇಲೆ ನನ್ನ ಪಾಠವೇ ಸರಿ ಎನ್ನಿಸಿದೆ. ಅವರನ್ನು ಹಾಗೆ ಸುತ್ತಿಸಿದವನು ನಾನೇ. ಇದು ನಡೆದ ಸಂಗತಿ, ಒಂದಕ್ಷರವನ್ನೂ ಸೇರಿಸಿಲ್ಲ. ಸೇರಿಸುವ ಮನಸ್ಸಿದ್ದಿದ್ದರೆ ಇದರಲ್ಲಿ ನಾನು ಇನ್ನೊಂದಿಷ್ಟು ಒಳ್ಳೆಯವನಾಗಿ ಕಾಣುತ್ತಿದ್ದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರಗಳಿಗೆ ಹಬೆ ಕೊಡುವ ಬಾಯ್ಲರ್ ನೋಡಿಕೊಳ್ಳುತ್ತಾರೆ. ಅದೇ ವಿಭಾಗದಲ್ಲಿ ನಾನು ಗುಮಾಸ್ತ. ಯಾವ ವಾರ್ಡಿನಿಂದ ಎಷ್ಟು ಹೊದಿಕೆ ಬಂತು, ಎಷ್ಟು ದಿಂಬಿನ ಚೀಲ ಹೋಯಿತು ಎಂದು ಬರೆದಿಡುವುದು ನನ್ನ ಕೆಲಸ. ಬಿ.ಎ. ಮಾಡಿದ್ದೇನೆ. ಬಿ.ಎ. ಎಂದರೆ ಬೆಡ್‌ಶೀಟ್ ಅಕೌಂಟೆಂಟ್ ಎಂದು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರಿಗೆ ಆ ಸುಖ ಕೊಡುವುದಿಲ್ಲ. ಇನ್ನೊಂದು ಚಟ, ಬೇರೆಯವರ ದನಿ ತೆಗೆಯುವುದು. ನಮ್ಮ ಮೇಲ್ವಿಚಾರಕರು ಮೂರು ಸಲ ಗಂಟಲು ಕೆರೆದುಕೊಂಡು, “ವಿಷಯ ಏನಪ್ಪಾ ಅಂದ್ರೆ...” ಎಂದು ಎಳೆಯುವುದನ್ನು ನಾನು ಮಾಡಿ ತೋರಿಸಿದರೆ ಇಸ್ತ್ರಿ ಮೇಜುಗಳ ಹೆಂಗಸರು ಬಿಸಿ ಹೊದಿಕೆಯನ್ನು ಕೈಬಿಟ್ಟು ನಗುತ್ತಿದ್ದರು.

ಭಾವನಿಗೆ ಇಂಥ ಚಟಗಳಿಲ್ಲ, ಅವರಿಗಿರುವುದು ಅಭ್ಯಾಸ. ಒಂದು ಗಂಟೆಗೆ ಯಂತ್ರಗಳು ನಿಂತರೆ ಬಾಯ್ಲರ್ ಮನೆಯ ಸಣ್ಣ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತಾರೆ. ಒಂದೂವರೆಗೆ ಕೈ ತೊಳೆದು, ಒರೆಸಿ, ಬೆರಳು ಮೂಸಿ ನೋಡಿ, ಗೂಡಿನಿಂದ ಪುಸ್ತಕ ತೆಗೆಯುತ್ತಾರೆ. ಎರಡರ ಗಂಟೆ ಹೊಡೆಯುವವರೆಗೂ ಓದು. ದಿನಕ್ಕೆ ಸುಮಾರು ಹನ್ನೆರಡು ಪುಟ. ಯಾವಾಗಲೂ ಕೊಲೆಯ ಕಾದಂಬರಿಯೇ. ಎದುರಿಗೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು. ಪುಟ ತಿರುಗಿಸಿದಾಗೊಮ್ಮೆ ಅವರ ಕಣ್ಣು ಮೇಲೆದ್ದು ಆ ಗಾಜನ್ನು ಮುಟ್ಟಿ ಕೆಳಗಿಳಿಯುತ್ತದೆ. ಓದು ನಿಂತ ಕಡೆ ಒಂದು ಕೆಂಪು ರಬ್ಬರಿನ ಪಟ್ಟಿ ಇಡುತ್ತಾರೆ. ಪುಟದ ಸಂಖ್ಯೆಯನ್ನು ಮಾತ್ರ ಎಂದೂ ನೋಡುವುದಿಲ್ಲ.

“ಅದ್ಯಾಕೆ ಭಾವ?” ಎಂದು ಒಮ್ಮೆ ಕೇಳಿದ್ದೆ.

“ನಂಬರ್ ನೋಡಿದ್ರೆ ಇನ್ನೆಷ್ಟು ಉಳೀತು ಅನ್ನೋ ಲೆಕ್ಕ ಶುರುವಾಗತ್ತೆ ಕಣೋ. ದಿನವಿಡೀ ಗೇಜು ನೋಡೋನು ನಾನು. ಈ ಅರ್ಧ ಗಂಟೆಗಾದ್ರೂ ಗೇಜು ಬೇಡ.”

ಪುಸ್ತಕ ಮುಗಿದ ಭಾನುವಾರ ಊಟಕ್ಕೆ ಕೂತಾಗ ಕೊಲೆಗಾರ ಯಾರು ಎನ್ನುವುದನ್ನು ಕೊನೆಯ ತುತ್ತಿನವರೆಗೂ ಹೇಳದೆ ಇಡೀ ಕಥೆ ಹೇಳುತ್ತಿದ್ದರು. ಅವರ ಐಷಾರಾಮ ಅಷ್ಟೇ.

ಇಂಥ ಅಚ್ಚುಕಟ್ಟು ಮನುಷ್ಯನನ್ನು ನೋಡಿದರೆ ನನಗೆ ಕೈ ಕಡಿಯುತ್ತದೆ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಹಬೆಯ ಒತ್ತಡ ಎಷ್ಟಿದೆ ಎಂದು ಬರೆದುಕೊಳ್ಳಲು ನಾನು ಬಾಯ್ಲರ್ ಮನೆಗೆ ಹೋಗುತ್ತಿದ್ದೆ. ಆ ಹೊತ್ತಿಗೆ ಭಾವ ನನಗಾಗಿ ಬಾಗಿಲು ತೆರೆದಿಟ್ಟು ಬೂದಿ ಸುರಿಯಲು ಹಿತ್ತಲಿಗೆ ಹೋಗುತ್ತಿದ್ದರು. ಬಾಗಿಲಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಅವರನ್ನು ಬಿಟ್ಟರೆ ಒಳಗೆ ಬರುವವನು ನಾನೊಬ್ಬನೇ. ಹೆಂಡತಿಯ ತಮ್ಮನ ಮೇಲೆ ಯಾರಿಗೆ ಅನುಮಾನ? ಒಂದು ಮಂಗಳವಾರ ಕೆಂಪು ಪಟ್ಟಿಯನ್ನು ಎಂಟು ಪುಟ ಹಿಂದಕ್ಕೆ ಸರಿಸಿದೆ.

ಆ ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಓದಿದರು, ಹುಬ್ಬು ಗಂಟಿಕ್ಕಿದರು, ಮತ್ತೆ ಓದಿದರು. ಏಳುವಾಗ ನನ್ನನ್ನು ಕಂಡು, “ಈ ಲೇಖಕನಿಗೆ ಪುಟಕ್ಕಿಷ್ಟು ಅಂತ ಕೊಡ್ತಾರೋ ಏನೋ, ಹೇಳಿದ್ದನ್ನೇ ಹೇಳ್ತಾನೆ. ಡಾಕ್ಟರು ಮೆಟ್ಟಿಲ ಮೇಲೆ ಕೈಗವಸು ಬೀಳಿಸ್ತಾನೆ. ನಿನ್ನೆ ತಾನೇ ಬೀಳಿಸಿದ್ದ” ಎಂದರು.

ಇದನ್ನು ಅವರದೇ ದನಿಯಲ್ಲಿ ಇಸ್ತ್ರಿ ಮೇಜಿನ ಬಳಿ ಒಪ್ಪಿಸಿದೆ. ನಗುವಿನಲ್ಲಿ ಹಬೆಯ ಸದ್ದೇ ಕೇಳಿಸಲಿಲ್ಲ. ಬುಧವಾರ ಮತ್ತೆ ಎಂಟು ಪುಟ ಹಿಂದಕ್ಕೆ. ಡಾಕ್ಟರು ಮತ್ತೆ ಕೈಗವಸು ಬೀಳಿಸಿದ. ಗುರುವಾರ ಡಾಕ್ಟರು ಆಚೆ ಹೋಗಿದ್ದ, ಬದಲಿಗೆ ಮನೆಯೊಡತಿ ಎರಡನೇ ಸಲ ಅತ್ತಳು. ಶುಕ್ರವಾರ ಮೂರನೇ ಸಲ. ಭಾವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗಾಜನ್ನೇ ನೋಡುತ್ತ ಕೂತುಬಿಟ್ಟರು.

ಇಸ್ತ್ರಿಯವರಲ್ಲೆಲ್ಲ ಹಿರಿಯಳನ್ನು ನಾವು ದೊಡ್ಡಮ್ಮ ಎನ್ನುತ್ತೇವೆ. ಆಕೆ ಅವತ್ತು ನಗಲಿಲ್ಲ.

“ಸಾಕು ಕಣಪ್ಪ. ಆ ಮನುಷ್ಯ ಬೆಳಿಗ್ಗೆಯಿಂದ ವಾಲ್ವ್ ಮುಚ್ಚಿದ್ದೀನಾ ಅಂತ ಮೂರು ಸಲ ಹೋಗಿ ನೋಡಿ ಬಂದ.”

“ಅಯ್ಯೋ ದೊಡ್ಡಮ್ಮ, ವ್ಯಾಯಾಮ ಆಗತ್ತೆ ಬಿಡು” ಎಂದೆ. ಶನಿವಾರವೂ ಎಂಟು ಪುಟ ಸರಿಸಿದೆ. ತಮಾಷೆಗೆ ಒಂದು ವಾರವಾದರೂ ಆಗಬೇಡವೇ?

ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದೆ. ಭಾವ ತಲೆಯೆತ್ತದೆ ಉಂಡು, ಕೈ ತೊಳೆದು, ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡರು. ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

“ಲೋ, ನಿಮ್ಮ ಭಾವನಿಗೆ ಏನೋ ಆಗಿದೆ.”

“ಏನಾಗಿದೆ? ಗುಂಡುಕಲ್ಲಿನ ಹಾಗಿದ್ದಾರೆ.”

“ತಮಾಷೆ ಬೇಡ. ನಿನ್ನೆ ಪೇಟೆಗೆ ಹೋಗಿ ಸೋಪು ತಂದರು. ತಂದು ಮೇಜಿನ ಮೇಲಿಟ್ಟು, ‘ಇದನ್ನ ನಾನು ಈಗ ತಂದೆನೋ, ಮೊನ್ನೆ ತಂದಿದ್ದೋ?’ ಅಂತ ಕೇಳ್ತಾರೆ. ನಾನು ಹೇಳಿದ ಮೇಲೂ ಅಂಗಡಿ ಚೀಟಿ ತೆಗೆದು ತಾರೀಖು ನೋಡ್ತಾರೆ.” ಅವಳು ದನಿ ತಗ್ಗಿಸಿದಳು. “ಅವರ ಮೇಸ್ತ್ರಿ ವಿಷಯ ನಿನಗೆ ಗೊತ್ತೇನೋ?”

ಗೊತ್ತಿರಲಿಲ್ಲ. ಹೇಳಿದಳು.

ಬಾಯ್ಲರಿನೊಳಗೆ ಎಷ್ಟು ನೀರಿದೆಯೋ ಅಷ್ಟೇ ಎತ್ತರಕ್ಕೆ ಎದುರಿನ ಗಾಜಿನ ನಳಿಗೆಯಲ್ಲೂ ನೀರು ನಿಲ್ಲುತ್ತದೆ. ಇಳಿದರೆ ಪಂಪು ಹಾಕಿ ತುಂಬಬೇಕು. ಗಾಜಿನಲ್ಲಿ ನೀರೇ ಕಾಣದಷ್ಟು ಇಳಿದರೆ ಮಾತ್ರ ಪಂಪನ್ನು ಮುಟ್ಟಕೂಡದು. ಕೆಂಪಗೆ ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಬಾಯ್ಲರ್ ಬಾಂಬಾಗುತ್ತದೆ. ಇಷ್ಟು ನನಗೂ ತಿಳಿದಿತ್ತು. ತಿಳಿಯದ್ದು ಇದು: ಭಾವನಿಗೆ ಕೆಲಸ ಕಲಿಸಿದ ಮೇಸ್ತ್ರಿ ವಯಸ್ಸಾಗುತ್ತ ಒಂದು ಮಾತು ಹೇಳತೊಡಗಿದ್ದನಂತೆ. ‘ಎಲ್ಲಾ ಆಗಲೇ ಆದ ಹಾಗೆ ಅನ್ನಿಸತ್ತೆ ಕಣಯ್ಯ.’ ಒಂದು ದಿನ ನೀರು ಬಿಡುವ ಹೊತ್ತಿಗೆ, ‘ಈಗ ತಾನೇ ಬಿಟ್ಟೆನಲ್ಲ’ ಎಂದು ಕೂತ. ಬಿಟ್ಟಿರಲಿಲ್ಲ. ನೆನಪಾದಾಗ ಗಾಬರಿಯಲ್ಲಿ ಪಂಪು ಹಾಕಿದ. ಒಂದು ಗೋಡೆ ಹೋಯಿತು, ಮೇಸ್ತ್ರಿಯ ಎರಡೂ ಕೈ ಸುಟ್ಟವು. ಆ ಕೈಗಳಿಗೆ ಆರು ತಿಂಗಳು ಊಟ ಮಾಡಿಸಿದವರು ಭಾವ.

“ಆವತ್ತೇ ಅಂದುಕೊಂಡರಂತೆ, ‘ಮಾಡದೇ ಇರೋದು ಮಾಡಿದ ಹಾಗೆ ನನಗೆ ಅನ್ನಿಸಿದ ದಿನ ಬೀಗದ ಕೈ ಕೆಳಗಿಡ್ತೀನಿ’ ಅಂತ. ಈಗ ಓದದೇ ಇರೋ ಪುಟ ಓದಿದ ಹಾಗೆ ಅನ್ನಿಸ್ತಿದೆಯಂತೆ. ವಾರದಿಂದ. ನಿವೃತ್ತಿಗೆ ಇನ್ನೂ ಆರು ವರ್ಷ ಇದೆ ಕಣೋ. ಆ ಬಾಯ್ಲರ್ ಬಿಟ್ಟು ಈ ಮನುಷ್ಯ ಮನೇಲಿ ಕೂತ್ರೆ ಬದುಕ್ತಾರೇನೋ?”

ಬಾಯಿಗೆ ಬಂದಿತ್ತು. ‘ಅಕ್ಕ, ಅದು ನಾನು’ ಎಂಬ ಮೂರೇ ಮಾತು. ಆದರೆ ಅವಳ ಕೈಯಲ್ಲಿ ಸೌಟಿತ್ತು, ಕಣ್ಣಲ್ಲಿ ನೀರಿತ್ತು. ನಾಳೆ ಗುಟ್ಟಾಗಿ ಸರಿಮಾಡಿಬಿಡುತ್ತೇನೆ, ಯಾರಿಗೂ ತಿಳಿಯದ ಹಾಗೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡೆ. ಹೇಡಿಗೆ ಉಪಾಯಗಳು ಬೇಗ ಹೊಳೆಯುತ್ತವೆ.

ರಾತ್ರಿ ಲೆಕ್ಕ ಹಾಕಿದೆ. ದಿನಕ್ಕೆ ಎಂಟರಂತೆ ಐದು ದಿನ ಹಿಂದಕ್ಕೆ ಸರಿಸಿದ್ದೇನೆ. ಎಂಟೈದಲಿ ನಲವತ್ತು. ಸೋಮವಾರ ಹತ್ತಕ್ಕೆ, ಭಾವ ಬೂದಿಯ ಬುಟ್ಟಿ ಎತ್ತಿಕೊಂಡು ಹೋದ ಕೂಡಲೇ ಪಟ್ಟಿಯನ್ನು ನಲವತ್ತು ಪುಟ ಮುಂದಕ್ಕೆ ಇಟ್ಟೆ. ಎದೆ ಹಗುರಾಯಿತು.

ಒಂದೂವರೆಗೆ ಕಿಟಕಿಯ ಬಳಿ ನಿಂತೆ. ಭಾವ ಪುಸ್ತಕ ತೆರೆದರು. ಒಂದು ಪುಟ ಓದಿದರು. ತಿರುಗಿಸಿದರು. ಗಾಜು ನೋಡಲಿಲ್ಲ. ಓದಿದ ಪುಟಕ್ಕೇ ಮರಳಿ ಬಂದು, ತುಟಿ ಅಲ್ಲಾಡಿಸುತ್ತ, ಶಾಲೆಯ ಮಗುವಿನಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಮುಖದ ಬಣ್ಣ ಇಳಿಯುತ್ತ ಹೋಯಿತು. ನಾನು ಒಳಗೆ ಹೋದೆ.

“ಏನಾಯ್ತು ಭಾವ?”

“ಇಲ್ಲೊಬ್ಬ ಮಾಲಿ ಬಂದಿದ್ದಾನೆ” ಎಂದರು, ತೀರಾ ಮೆಲ್ಲಗೆ. “ಎಲ್ಲರೂ ಅವನನ್ನ ಗುರುತು ಹಿಡೀತಾರೆ. ಅವನ ಕಾಲು ಹೇಗೆ ಮುರೀತು ಅಂತ ಎಲ್ಲರಿಗೂ ಗೊತ್ತು. ನನಗೊಬ್ಬನಿಗೆ ಗೊತ್ತಿಲ್ಲ. ಡಾಕ್ಟರು ಆಗಲೇ ಸತ್ತಿದ್ದಾನಂತೆ. ಯಾವಾಗ ಸತ್ತ? ನಾನು ಓದಿದ್ದೀನಿ, ಪಟ್ಟಿ ಇಲ್ಲಿದೆ. ಓದಿದ್ದು ಎಲ್ಲಿ ಹೋಯ್ತೋ?”

“ಪಟ್ಟಿ ಜಾರಿರಬಹುದು ಭಾವ.”

“ಇಪ್ಪತ್ತು ವರ್ಷದಿಂದ ಜಾರದೇ ಇದ್ದದ್ದು?” ಅವರು ಪಟ್ಟಿಯನ್ನು ಬೆರಳಿನ ಮಧ್ಯೆ ಎಳೆದು ನೋಡಿದರು. “ಪಟ್ಟಿ ಸರಿಯಾಗಿದೆ. ಜಾರಿದ್ದು ಬೇರೆ.”

ಆಗಲೂ ಹೇಳಲಿಲ್ಲ. ಎರಡರ ಗಂಟೆ ಹೊಡೆಯಿತು. ಆ ಗಂಟೆಯ ಹಿಂದೆ ಅವಿತು ಓಡಿಬಂದೆ.

ಮಂಗಳವಾರ ಹೇಳಲೇಬೇಕೆಂದು ಹತ್ತಕ್ಕೆ ಹೋದಾಗ ಬಾಯ್ಲರ್ ಮನೆಯ ಗೋಡೆ ತುಂಬ ಸೀಮೆಸುಣ್ಣದ ಗೆರೆಗಳು. ನೀರು ಬಿಟ್ಟರೆ ಒಂದು ಗೆರೆ, ಬಾಯ್ಲರಿನ ತಳದ ಕೆಸರು ತೆಗೆದರೆ ಒಂದು ಅಡ್ಡಗೆರೆ, ಕಟ್ಟಿಗೆ ಹಾಕಿದರೆ ಒಂದು ಚುಕ್ಕೆ. ಭಾವ ಗೋಡೆಗೆ ಮುಖಮಾಡಿ ನಿಂತು ಬೆರಳಿನಿಂದ ಗೆರೆಗಳನ್ನು ಎಣಿಸುತ್ತಿದ್ದರು.

“ನನ್ನ ತಲೇನ ನಂಬೋದು ಬಿಟ್ಟಿದ್ದೀನಿ” ಎಂದರು, ತಿರುಗದೆ. “ಇನ್ನೇನಿದ್ರೂ ಗೋಡೆ. ಒಂಬತ್ತೂವರೆಗೆ ನೀರು ಬಿಟ್ಟಿದ್ದೀನಿ, ನೋಡು, ಇಲ್ಲಿ ಗೆರೆ ಇದೆ.”

ನಾನು ಗೆರೆ ನೋಡಿದೆ. ಆಮೇಲೆ ಅಭ್ಯಾಸಬಲದಿಂದ ಗಾಜು ನೋಡಿದೆ. ನಳಿಗೆಯ ತೀರಾ ಬುಡದಲ್ಲಿ, ಹಿತ್ತಾಳೆಯ ಬಿರಡೆಗಿಂತ ಒಂದು ಬೆರಳು ಮೇಲೆ, ನೀರು ನಡುಗುತ್ತಿತ್ತು. ಅದು ಇನ್ನೂ ಇಳಿಯುತ್ತಿತ್ತು.

“ಭಾವ! ಗಾಜು!”

ಅವರು ತಿರುಗಿದರು. ಆಮೇಲೆ ನಡೆದದ್ದನ್ನು ಹೇಳಲು ತೆಗೆದುಕೊಳ್ಳುವಷ್ಟು ಹೊತ್ತೂ ಅದು ನಡೆಯಲು ಹಿಡಿಯಲಿಲ್ಲ. ಗಾಜಿನ ಕೆಳಗಿನ ಬಿರಡೆ ತಿರುಗಿಸಿ, ಬಿಟ್ಟು, ನೀರು ಮತ್ತೆ ಮೇಲೆ ಬರುತ್ತದೆಯೇ ನೋಡಿದರು. ಬಂತು. “ಕಾಣ್ತಿದೆ” ಎಂದರು. ಪಂಪಿನ ಗುಂಡಿ ಒತ್ತಿದರು. ಒಲೆಯ ಗಾಳಿಕಿಂಡಿ ಮುಚ್ಚಿದರು. ಒಂದು ಕೈ ವಾಲ್ವಿನ ಮೇಲೆ, ಒಂದು ಕಣ್ಣು ಒತ್ತಡದ ಮುಳ್ಳಿನ ಮೇಲೆ. ತಲೆ ಮರೆತಿದೆ ಎಂದುಕೊಂಡಿದ್ದ ಯಾವುದನ್ನೂ ಕೈ ಮರೆತಿರಲಿಲ್ಲ. ನೀರು ಕೂದಲೆಳೆಯಷ್ಟು ಏರಿತು, ಮತ್ತೊಂದು ಕೂದಲೆಳೆ, ಆಮೇಲೆ ಅರ್ಧ ಗಾಜು. ತಣ್ಣೀರು ಸೇರಿ ಒತ್ತಡ ಕುಸಿಯಿತು. ಆಚೆ ಕೋಣೆಯಲ್ಲಿ ಇಸ್ತ್ರಿ ಯಂತ್ರಗಳು ನಿಟ್ಟುಸಿರುಬಿಟ್ಟು ಮೆತ್ತಗಾದವು. ದೊಡ್ಡಮ್ಮ ಕೂಗಿದಳು, “ಹಬೆ ಎಲ್ಲಪ್ಪಾ?”

ಭಾವ ಸ್ಟೂಲಿನ ಮೇಲೆ ಕುಸಿದು ಕೂತರು. ಬಿಡದ ನೀರಿಗೆ ಗೆರೆ ಎಳೆದಿದ್ದರು. ಗೆರೆ ಎಳೆಯುವ ಅವಸರದಲ್ಲಿ ಪಂಪು ಹಾಕಿರಲಿಲ್ಲ, ಗೆರೆ ಇದೆಯೆಂದು ಗಾಜು ನೋಡಿರಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು.

“ಮೇಸ್ತ್ರಿಗೂ ಹೀಗೇ ಆಗಿದ್ದು. ನೀನು ಓದಿದವನು, ನನಗೊಂದು ಪತ್ರ ಬರೆದುಕೊಡೋ. ಮೂರು ಗಂಟೆಗೆ ಕೊಟ್ಟುಬಿಡ್ತೀನಿ.”

“ಭಾವ, ನಾನು...”

“ಬರಿ. ಆಮೇಲೆ ಮಾತಾಡು.”

ಬರೆದೆ. ದೇವರಾಣೆಗೂ ಬರೆದೆ. ‘ನನ್ನ ನೆನಪಿನ ಶಕ್ತಿ ಕುಂದಿರುವುದರಿಂದ...’ ಎಂದು ಅವರು ಹೇಳಿದರು, ಅವರ ನೆನಪು ಕದ್ದವನು ದುಂಡು ಅಕ್ಷರದಲ್ಲಿ ಬರೆದುಕೊಂಡ. ಈಗ ಹೇಳಿದರೆ ನಾನು ಮಾಡಿದ್ದು ತಮಾಷೆಯಲ್ಲ, ಒಂದು ಬೆರಳು ನೀರಿನಷ್ಟು ದೂರದಲ್ಲಿ ತಪ್ಪಿದ ಸಾವು. ಆ ಭಯಕ್ಕೆ ಕೊನೆಯ ಸಾಲಿನವರೆಗೂ ಬರೆದು ಮುಗಿಸಿದೆ.

ಮಧ್ಯಾಹ್ನ ಭಾವ ಪುಸ್ತಕ ಮುಟ್ಟಲಿಲ್ಲ. ಎರಡೂವರೆಗೆ ನನಗೆ ಕೊನೆಯ ಉಪಾಯ ಹೊಳೆಯಿತು. ಪತ್ರ ಮೇಲ್ವಿಚಾರಕರ ಕೈ ಸೇರುವುದನ್ನು ಎರಡು ದಿನ ತಡೆದರೆ ಹೇಗಾದರೂ ಸಮಾಧಾನ ಮಾಡಬಹುದು. ಒಳಗಿನ ಫೋನು ಎತ್ತಿ ಬಾಯ್ಲರ್ ಮನೆಯ ಸಂಖ್ಯೆ ತಿರುಗಿಸಿದೆ. ಭಾವ ಎತ್ತಿದರು. ಮೂರು ಸಲ ಗಂಟಲು ಕೆರೆದೆ.

“ವಿಷಯ ಏನಪ್ಪಾ ಅಂದ್ರೆ... ನೀವೇನೋ ಪತ್ರ ಕೊಡ್ತೀರಂತೆ. ಈ ವಾರ ನಾನು ಯಾವ ಪತ್ರಾನೂ ತಗೊಳ್ಳಲ್ಲ. ಸೋಮವಾರ ಬನ್ನಿ. ತಿಳೀತಾ?”

ಆ ಕಡೆಯಿಂದ ಭಾವನ ದನಿ ಬಂತು. ಆ ದನಿಯನ್ನು ಮಾತ್ರ ನಾನು ಇವತ್ತಿಗೂ ಅಣಕಿಸಿಲ್ಲ.

“ಸರ್... ನೀವು ನನ್ನ ಎದುರಿಗೇ ನಿಂತಿದ್ದೀರಿ ಸರ್.”

ಫೋನು ಕೈಯಿಂದ ಜಾರಿತು. ಹಬೆ ನಿಂತದ್ದಕ್ಕೆ ದೂರು ಹೋಗಿ ಮೇಲ್ವಿಚಾರಕರು ತಾವೇ ಇಳಿದು ಬಂದಿದ್ದರು! ಭಾವನಿಗೆ ಈಗ ಎದುರಿಗಿರುವವರ ದನಿ ಫೋನಿನಲ್ಲೂ ಕೇಳಿಸಿದೆ. ಬುದ್ಧಿ ಪೂರ್ತಿ ಕೆಟ್ಟಿತೆಂದುಕೊಳ್ಳಲು ಇನ್ನೇನು ಬೇಕು? ಇಸ್ತ್ರಿ ಮೇಜುಗಳ ನಡುವೆ, ಹೊದಿಕೆಯ ಗಂಟುಗಳನ್ನು ಹಾರಿ ಓಡಿದೆ.

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಒಳಗೆ ಮೇಲ್ವಿಚಾರಕರ ಕೈಯಲ್ಲಿ ಪತ್ರ. ಭಾವ ಫೋನನ್ನು ಎದೆಗೊತ್ತಿಕೊಂಡು ಗೋಡೆಗೊರಗಿದ್ದರು. ತುಟಿ ಬಿಳಿಚಿತ್ತು.

“ನಾನು!” ಎಂದೆ. “ಫೋನಲ್ಲಿ ಮಾತಾಡಿದ್ದು ನಾನು. ಪಟ್ಟಿ ಸರಿಸಿದ್ದೂ ನಾನೇ. ದಿನಾ ಎಂಟು ಪುಟ ಹಿಂದಕ್ಕೆ ಇಡ್ತಿದ್ದೆ. ನಿಮಗೇನೂ ಆಗಿಲ್ಲ ಭಾವ. ಡಾಕ್ಟರು ಮೂರು ಸಲ ಕೈಗವಸು ಬೀಳಿಸಿದ್ದು ನನ್ನಿಂದ. ನೀವು ಅವನ್ನೆಲ್ಲ ನಿಜವಾಗ್ಲೂ ಓದಿದ್ರಿ!”

ಒಲೆಯಲ್ಲಿ ಒಂದು ಕೊರಡು ಸಿಡಿಯಿತು. ಮೇಲ್ವಿಚಾರಕರು ಮೂರು ಸಲ ಗಂಟಲು ಕೆರೆದುಕೊಂಡರು.

“ವಿಷಯ ಏನಪ್ಪಾ ಅಂದ್ರೆ... ನಾನು ಹಾಗಾ ಮಾತಾಡೋದು?”

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೊಡೆಯುತ್ತಾರೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ಮಾಲಿ?” ಎಂದರು ನಿಧಾನವಾಗಿ. “ಮಾಲಿ ಎಲ್ಲಿಂದ ಬಂದ?”

“ಸರಿಮಾಡೋಣ ಅಂತ ಸೋಮವಾರ ಮುಂದಕ್ಕಿಟ್ಟೆ ಭಾವ. ಎಂಟೈದಲಿ ನಲವತ್ತು. ನಲವತ್ತು ಪುಟ.”

ಭಾವನ ಹುಬ್ಬು ಗಂಟಿಕ್ಕಿತು. ಫೋನು ಕೆಳಗಿಟ್ಟು ಗೋಡೆಯ ಗೆರೆಗಳನ್ನು ಅಂಗೈಯಿಂದ ಒರೆಸಿದರು. ಆ ಖಾಲಿ ಜಾಗವನ್ನೇ ನೋಡುತ್ತ, ಸೀಮೆಸುಣ್ಣ ಮುಟ್ಟದೆ, ಬಾಯಲ್ಲೇ ಹೇಳತೊಡಗಿದರು.

“ತಡಿ. ಎಂಟು ಹಿಂದಕ್ಕಿಡ್ತೀಯ. ನಾನು ಹನ್ನೆರಡು ಓದ್ತೀನಿ. ಆ ಎಂಟನ್ನೂ ಓದಿ ಮುಗಿಸಿ, ನಾಲ್ಕು ಮುಂದೆ ಹೋಗ್ತೀನಿ. ದಿನಾ ಹಾಗೇ. ಶನಿವಾರಾನೂ ಹಾಗೇ.” ತುಟಿಯ ಒಂದು ತುದಿ ಅದುರಿತು. “ಅಂದ್ರೆ ಶನಿವಾರ ಗಂಟೆ ಹೊಡೆದಾಗ ಪಟ್ಟಿ ಎಲ್ಲಿತ್ತೋ?”

ನಾನು ಬೆರಳು ಮಡಿಚಿ ಎಣಿಸತೊಡಗಿದೆ.

“ಎಲ್ಲಿರಬೇಕೋ ಅಲ್ಲೇ ಇತ್ತು!” ಭಾವ ಒಮ್ಮೆಲೇ ನೆಟ್ಟಗಾದರು. “ನೀನು ಸರಿಸಿದ್ದನ್ನ ದಿನಾ ನಾನೇ ಓದಿ ಓದಿ ಸರಿಮಾಡಿದ್ದೆ. ಸೋಮವಾರ ನೀನು ಸುಮ್ಮನೆ ಮನೇಲಿ ಮಲಗಿದ್ದಿದ್ರೆ ಎಲ್ಲಾ ಸರಿ ಇರ್ತಿತ್ತು ಕಣೋ! ನಲವತ್ತು! ದುಪ್ಪಟಿ ಲೆಕ್ಕ ಬರೆಯೋನು! ಸರ್, ಇವನು ಬಿ.ಎ. ಸರ್!”

“ವಾರ್ಡಿನವರು ಹೊದಿಕೆ ಕಮ್ಮಿ ಬಂತು ಅಂತ ಯಾಕೆ ಬೈತಾರೆ ಅಂತ ಈಗ ಗೊತ್ತಾಯ್ತು” ಎಂದಳು ದೊಡ್ಡಮ್ಮ.

ಮೇಲ್ವಿಚಾರಕರು ಪತ್ರವನ್ನು ನಾಲ್ಕಾಗಿ ಹರಿದು ಒಲೆಗೆ ಹಾಕಿದರು. ನನ್ನ ಕಡೆ ತಿರುಗಿ ನಾಳೆ ಒಂಬತ್ತಕ್ಕೆ ತಮ್ಮ ಕೋಣೆಗೆ ಬರಬೇಕೆಂದೂ, ಬಂದಾಗ ನಾನು ನನ್ನ ಸ್ವಂತ ದನಿಯಲ್ಲೇ ಮಾತಾಡಬೇಕೆಂದೂ ಹೇಳುವಷ್ಟರಲ್ಲಿ ಅವರಿಗೇ ನಗು ಬಂದು ಗಂಟಲು ನಾಲ್ಕನೇ ಸಲ ಕೆರೆಯಬೇಕಾಯಿತು. ಭಾವ ಮೇಜಿನ ಮೇಲಿದ್ದ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎರಡು ಸಲ ತಟ್ಟಿ ನೋಡಿಕೊಂಡರು. ಗಾಜು ನೋಡಿದರು, ಅರ್ಧಕ್ಕೆ ನಿಂತಿತ್ತು. ಗೂಡಿನಿಂದ ಪುಸ್ತಕ ಎಳೆದು ನನ್ನ ಎದೆಗೆ ತಳ್ಳಿದರು.

“ನೀನು ನುಂಗಿಹಾಕಿದ ಆ ನಲವತ್ತು ಪುಟ ನಾಳೆಯಿಂದ ಮಧ್ಯಾಹ್ನ ನೀನೇ ನನಗೆ ಓದಿ ಹೇಳಬೇಕು. ಡಾಕ್ಟರಿಗೆ ಡಾಕ್ಟರ ದನಿ, ಮನೆಯೊಡತಿಗೆ ಮನೆಯೊಡತಿ ದನಿ. ಅಳೋ ಕಡೆ ಅಳಬೇಕು.”

“ಅಕ್ಕನಿಗೆ ಹೇಳ್ತೀರಾ ಭಾವ?”

“ನಾನ್ಯಾಕೆ ಹೇಳಲಿ? ನೀನೇ ಹೇಳ್ತೀಯ. ಭಾನುವಾರ. ಅವಳ ಕೈಯಲ್ಲಿ ಸೌಟಿರುವಾಗ.”

ಸೌಟಿನ ಯೋಚನೆಗೆ ನನ್ನ ಮುಖ ಹೇಗಾಯಿತೋ ಕಾಣೆ. ಅದನ್ನು ನೋಡಿ ಭಾವನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ, “ನಲವತ್ತು! ಎಂಟೈದಲಿ ನಲವತ್ತು!” ಎಂದು ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. ದೊಡ್ಡಮ್ಮ ನಕ್ಕಳು, ಮೇಲ್ವಿಚಾರಕರು ನಕ್ಕರು, ಕೊನೆಗೆ ನಾನೂ ನಕ್ಕೆ. ಒತ್ತಡ ಮತ್ತೆ ಏರಿ ಆಚೆ ಕೋಣೆಯಲ್ಲಿ ಯಂತ್ರಗಳು ಒಂದೊಂದಾಗಿ ಬುಸುಗುಟ್ಟಿದವು. ಅಷ್ಟೂ ಹಬೆಯ ಸದ್ದಿನ ಮೇಲೆ ಭಾವನ ನಗು ಇಸ್ತ್ರಿ ಮೇಜುಗಳ ಕೊನೆಯ ಸಾಲಿನವರೆಗೂ ಕೇಳಿಸುತ್ತಿತ್ತು.